ಬೀಗದಣ್ಣನ ಕೈಮಾತು

“ಅತ್ತೆ, ಬಿಡಿ, ಅಮ್ಮ ನೋಡ್ತಿದ್ದಾಳೆ!” ಎಂದು ಮಗಳು ಹೇಳಿ ಮುಗಿಸುವಷ್ಟರಲ್ಲಿ ಏಟು ಬಿದ್ದೇಬಿಟ್ಟಿತ್ತು.

ಬಿದ್ದದ್ದು ದೊಡ್ಡಕ್ಕನ ಮಣಿಕಟ್ಟಿನ ಮೇಲೆ. ತೀರಿಹೋದ ಸೋದರನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿದ್ದ ಉಂಗುರದ ಬೆರಳನ್ನೂ ಕಿರುಬೆರಳನ್ನೂ ನೆಟ್ಟಗೆ ಮಾಡಲು ಅವರು ಹೆಣಗುತ್ತಿದ್ದರು. ಹೊಡೆದದ್ದು ಅವನ ಹೆಂಡತಿ. ಇರುವೆ ಸಾಲು ಕಂಡರೆ ದಾಟಿ ಹೋಗುವಂಥ ಹೆಂಗಸು ಆಕೆ. ಹೊಡೆದ ಮೇಲೆ ತನ್ನ ಕೈಯನ್ನೇ ಒಂದು ಗಳಿಗೆ ಬೆರಗಿನಿಂದ ನೋಡಿಕೊಂಡಳು.

“ನಾನೇನು ಕೊಲ್ತಿದ್ನಾ? ಬದುಕಿದ್ದಾಗಂತೂ ನೆಟ್ಟಗಾಗ್ಲಿಲ್ಲ, ಹೋಗುವಾಗಲಾದ್ರೂ ನೆಟ್ಟಗೆ ಹೋಗ್ಲಿ ಅಂದ್ಕೊಂಡೆ. ಒಡಹುಟ್ಟಿದವಳು ನಾನು. ಈ ಕೈಗೆ ಮೊದಲು ಬಳಪ ಹಿಡಿಸಿದ್ದು ಯಾರು?” ಎಂದು ದೊಡ್ಡಕ್ಕ ಇಡೀ ಕೋಣೆಯನ್ನು ಕೇಳಿದರು.

ಹೆಂಡತಿ ಗಂಡನ ಕೈಯನ್ನು ಮೆಲ್ಲಗೆ ಎತ್ತಿ, ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಅಂಗೈ ಕಾಣುವಂತೆ ಇಟ್ಟಳು. ಎರಡು ಬೆರಳು ಮೊದಲಿನಂತೆಯೇ ಬಾಗಿ ನಿಂತವು. ಆಮೇಲೆ ಮಗಳ ಕಡೆ ತಿರುಗಿ ಎರಡೂ ಕೈಗಳಿಂದ ಪಟಪಟನೆ ಏನೋ ಹೇಳಿದಳು. ಹುಟ್ಟಿದಂದಿನಿಂದ ಆಕೆಗೆ ಕಿವಿ ಕೇಳದು. ಆಡುವುದೆಲ್ಲ ಕೈಯಲ್ಲೇ.

“ಇರ್ಲಿ ಬಿಡಿ ಅಂತಿದ್ದಾಳೆ ಅತ್ತೆ,” ಎಂದಳು ಮಗಳು.

“ಅಷ್ಟೇನಾ? ಕೈ ಓಡಿದ್ದು ನೋಡಿದ್ರೆ ಬೈಗುಳದ ಪಟ್ಟಿನೇ ಇದ್ದಂಗಿತ್ತು,” ಎಂದು ದೊಡ್ಡಕ್ಕ ಮಣಿಕಟ್ಟು ಉಜ್ಜಿಕೊಳ್ಳುತ್ತ ಕಿಟಕಿಯ ಬಳಿ ಹೋಗಿ ಕುಳಿತರು.

ಅವರು ಹೇಳಿದ್ದು ನಿಜವೇ. ಮಗಳು ಮುಕ್ಕಾಲು ಪಾಲು ನುಂಗಿದ್ದಳು.

ಮೂರಂತಸ್ತಿನ ಸಣಕಲು ಮನೆ ಅದು. ಕೆಳಗೆ ಬೀಗ ರಿಪೇರಿಯ, ಕೀಲಿಕೈ ಮಾಡಿಕೊಡುವ ಅಂಗಡಿ. ಬೀದಿಗೆಲ್ಲ ಅವನು ಬೀಗದಣ್ಣ. ನಡುವಿನ ಅಂತಸ್ತಿನಲ್ಲಿ ಅವನ ಸಂಸಾರ. ಅಲ್ಲೇ ಕಿಟಕಿಯ ಬೆಳಕಿಗೆ ಒಂದು ಉದ್ದನೆಯ ಮೇಜು, ಹೊಲಿಗೆ ಯಂತ್ರ. ಹೆಂಡತಿ ಊರಿನ ಮನೆಗಳಿಗೆಲ್ಲ ಕಿಟಕಿ ಪರದೆ ಹೊಲಿದುಕೊಡುತ್ತಿದ್ದಳು, ಆದ್ದರಿಂದ ಪರದೆಯಮ್ಮ. ಮೇಲಿನ ಒಂಟಿ ಕೋಣೆ ದೊಡ್ಡಕ್ಕನದು. ಮದುವೆಯ ಗೋಜಿಗೆ ಹೋಗದೆ, ತಾಯಿಯಿಲ್ಲದ ಸೋದರನನ್ನು ಸಾಕಿ, ಕೊನೆಗೆ ಅವನ ಸೂರಿನ ಮೇಲೇ ಬಂದು ಕುಳಿತವರು. ಅಂಗಡಿಯ ಕುರ್ಚಿಯಲ್ಲಿ ಕುಳಿತಂತೆಯೇ ಅವನು ನಿನ್ನೆ ಮಧ್ಯಾಹ್ನ ಹೋಗಿಬಿಟ್ಟಿದ್ದ. ಹೃದಯ ನಿಂತಿತು ಎಂದರು ಡಾಕ್ಟರು.

“ಕೈಯನ್ನ ಕಾದಿದ್ದೇ ಕಾದಿದ್ದು, ಕೊನೆಗೆ ಎದೆ ಕೈಕೊಡ್ತಲ್ಲಪ್ಪ,” ಎಂದ ಫ್ರೇಮಿನವನು. ಪಕ್ಕದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಬೀಗದಣ್ಣನಿಗೆ ಹರೆಯದಿಂದ ಗೆಳೆಯ. ಅಳುತ್ತಲೇ ತಮಾಷೆ ಮಾಡಬಲ್ಲ, ತಮಾಷೆ ಮಾಡುತ್ತಲೇ ಅಳಬಲ್ಲ. ಈಗ ಎರಡನ್ನೂ ಮಾಡುತ್ತ ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಇಡುತ್ತಿದ್ದ. “ನಾಳೆ ನಾಳಿದ್ದರಲ್ಲಿ ನೀನು ಹೊರಟುಬಿಡ್ತೀಯಲ್ಲಮ್ಮ?” ಎಂದು ಮಗಳನ್ನು ಕೇಳಿದ.

“ಹೋಗ್ಲೇಬೇಕು ಮಾಮ. ಮಗು ಚಿಕ್ಕದು, ಅಲ್ಲಿ ಅವರೊಬ್ಬರೇ ಇದ್ದಾರೆ. ಅಮ್ಮನ್ನೂ ಕರೀತಿದ್ದೀನಿ, ಬರಲ್ಲ ಅಂತಾಳೆ. ಯಂತ್ರ ಬಿಟ್ಟು ಬರಲ್ವಂತೆ, ಕೈಮಾತಾಡೋ ಗೆಳತಿಯರೆಲ್ಲ ಇಲ್ಲೇ ಇದ್ದಾರಂತೆ.” ಅವಳು ದನಿ ತಗ್ಗಿಸಿದಳು. “ಅವರು ವಾರಕ್ಕೊಂದ್ಸಲ ಬರ್ತಾರೆ. ಉಳಿದ ದಿನ ಈ ಮನೆಯಲ್ಲಿ ಮಾತಾಡೋರು ಯಾರು? ಅತ್ತೆಗೂ ಅಮ್ಮನಿಗೂ ನಡುವೆ ಅಪ್ಪ ಒಬ್ಬನೇ ಇದ್ದಿದ್ದು. ಇವರು ಹೇಳಿದ್ದನ್ನ ಅವರಿಗೆ, ಅವರು ಹೇಳಿದ್ದನ್ನ ಇವರಿಗೆ. ಇನ್ಮೇಲೆ ಒಂದೇ ಮೆಟ್ಟಿಲು ಹತ್ತಿ ಇಳಿಯೋ ಇಬ್ಬರು ಹೆಂಗಸರು ಗೋಡೆ ನೋಡ್ಕೊಂಡು ಬದುಕಬೇಕಾ?”

ಫ್ರೇಮಿನವನಿಗೆ ತಮಾಷೆ ಹೊಳೆಯಲಿಲ್ಲ. ಕುರ್ಚಿ ಎತ್ತಿಕೊಂಡು ಆಚೆ ಹೋದ.

*

ಕೈಯಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ಪರದೆಯಮ್ಮನೇ. ಅದೂ ಹತ್ತು ವರ್ಷದ ಹಿಂದೆ, ಕಾಫಿ ಕುಡಿಯುತ್ತಿದ್ದಾಗ. ಗಂಡ ಅಂಗಡಿಗೆ ಬಂದ ಗಿರಾಕಿಯೊಬ್ಬನ ಕತೆಯನ್ನು ಕೈಯಲ್ಲಿ ವಿಸ್ತಾರವಾಗಿ ಹೇಳುತ್ತಿದ್ದ. ಆಕೆ ತಡೆದು ಕೇಳಿದಳು, “ಯಾಕೆ ತೊದಲ್ತಿದ್ದೀರಿ?”

“ನಾನಾ? ತೊದಲ್ತಿದ್ದೀನಾ?”

“ಉಂಗುರದ ಬೆರಳು ಹಿಂದೆ ಬೀಳ್ತಿದೆ. ಮಾತು ಪೂರ್ತಿ ಬಿಚ್ಚಿಕೊಳ್ತಿಲ್ಲ. ಕುಡಿದಿದ್ದೀರಾ?”

ಬೀಗದಣ್ಣ ಅಂಗೈ ತಿರುಗಿಸಿ ನೋಡಿಕೊಂಡ. ಉಂಗುರದ ಬೆರಳಿನ ಬುಡದಲ್ಲಿ ಬಟಾಣಿಯಷ್ಟು ಗಂಟು. ಅದರ ಪಕ್ಕದ ಚರ್ಮದಲ್ಲಿ ಒಂದು ಸಣ್ಣ ಗುಳಿ. ಗಂಟು ಇದ್ದದ್ದು ಅವನಿಗೆ ಗೊತ್ತಿತ್ತು. ಅರ ಹಿಡಿದು ಕೀಲಿಕೈ ಉಜ್ಜುವ ಕೈ, ಜಡ್ಡುಗಟ್ಟಿದೆ ಎಂದುಕೊಂಡು ಸುಮ್ಮನಿದ್ದ.

ಕೈಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಅವಸರದವರು. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಒತ್ತಿಸಿ, ಬಗ್ಗಿ ನೋಡಿದರು. ಇನ್ನೂ ಸಮನಾಗಿ ಕೂರುತ್ತಿತ್ತು.

“ಡುಪ್ವಿಟ್ರನ್ ಅಂತಾರೆ ಇದನ್ನ. ಅಂಗೈ ಚರ್ಮದ ಕೆಳಗಿನ ಪದರ ದಪ್ಪ ಆಗ್ತಾ ಹೋಗುತ್ತೆ. ಮೊದಲು ಗಂಟು, ಆಮೇಲೆ ಹುರಿ ಥರ ಒಂದು ಎಳೆ. ಆ ಎಳೆ ಬಿಗಿದ್ರೆ ಬೆರಳು ಒಳಗೆ ಬಾಗುತ್ತೆ, ಬಿಚ್ಚೋಕಾಗಲ್ಲ. ನಿಮ್ಮದು ಈಗಷ್ಟೇ ಶುರು. ಜೀವಕ್ಕೇನೂ ಭಯ ಇಲ್ಲ, ಎಷ್ಟೋ ಜನ ಇದನ್ನ ಇಟ್ಕೊಂಡೇ ಆರಾಮಾಗಿರ್ತಾರೆ.”

“ಡಾಕ್ಟ್ರೇ, ಇದರಿಂದ ಮಾತು ಹೋಗುತ್ತಾ?”

“ಮಾತಾ? ಇದು ಕೈ ಕಾಯಿಲೆ ಕಣ್ರಿ.”

“ಅದಕ್ಕೇ ಕೇಳಿದ್ದು,” ಎಂದು ಬೀಗದಣ್ಣ ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಡಾಕ್ಟರು ಹೇಳಿದ್ದನ್ನೆಲ್ಲ ಕೈಯಲ್ಲಿ ಹೇಳಿದ. ಆಕೆ ಕೇಳಿದಳು, ಅವನು ಉತ್ತರ ಕೊಟ್ಟ, ಆಕೆ ಮತ್ತೆ ಕೇಳಿದಳು. ಡಾಕ್ಟರು ಆ ನಾಲ್ಕು ಕೈಗಳನ್ನು ನೋಡುತ್ತ ಕುಳಿತರು. ಹೊರಗೆ ಕಾಯುತ್ತಿದ್ದವರನ್ನು ಸ್ವಲ್ಪ ತಡೆಯಿರಿ ಎಂದು ಹೇಳಿಕಳಿಸಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ನೋಡಿ, ನಿಲ್ಲಿಸಿಬಿಡ್ತೀನಿ ಅಂತ ಮಾತು ಕೊಟ್ರೆ ಸುಳ್ಳಾಗುತ್ತೆ. ನಿಧಾನ ಮಾಡೋಕೆ ನೋಡಬಹುದು. ಸಿಗರೇಟು ಸೇದ್ತೀರಾ? ಇವತ್ತೇ ಬಿಡಿ. ಅರ, ಸುತ್ತಿಗೆ ಗಟ್ಟಿಯಾಗಿ ಅದುಮಿ ಹಿಡೀಬೇಡಿ. ಹಿಡಿಗಳನ್ನ ದಪ್ಪ ಮಾಡಿ, ಮೆತ್ತಗೆ ಏನಾದ್ರೂ ಸುತ್ತಿ. ಶುರುವಲ್ಲೇ ಸ್ವಲ್ಪ ಕಿರಣ, ಅಂದ್ರೆ ರೇಡಿಯೇಷನ್, ಕೊಟ್ರೆ ಕೆಲವರಿಗೆ ಬೆಳೆಯೋದು ನಿಧಾನ ಆಗುತ್ತೆ. ಎಲ್ಲರಿಗೂ ಅಲ್ಲ. ಯೋಚನೆ ಮಾಡಿ ಹೇಳಿ. ಮುಖ್ಯವಾದ ಮಾತು, ಎಳೆದು ನೆಟ್ಟಗೆ ಮಾಡ್ತೀನಿ ಅಂತ ಯಾರಾದ್ರೂ ಬಂದ್ರೆ ಈ ಕೈ ಕೊಡಬೇಡಿ. ಅಂಗೈ ಮೇಜಿನ ಮೇಲೆ ಸಮನಾಗಿ ಕೂರದೆ ಹೋದ ದಿನ ಬನ್ನಿ. ಆಗ ಆಪರೇಷನ್ ಮಾತಾಡೋಣ.”

ಬೀಗದಣ್ಣ ಜೇಬಿನಿಂದ ಸಿಗರೇಟು ಪ್ಯಾಕೆಟ್ಟನ್ನು ತೆಗೆದು ಅಲ್ಲೇ ಕಸದ ಬುಟ್ಟಿಗೆ ಹಾಕಿದ. ಹಾಕಿದ ಮೇಲೆ ಒಂದು ಸಲ ಬುಟ್ಟಿಯ ಕಡೆ ನೋಡಿದನೆಂದೂ, ತಾನು ಕಣ್ಣು ಬಿಟ್ಟಿದ್ದಕ್ಕೆ ಎದ್ದನೆಂದೂ ಪರದೆಯಮ್ಮ ಗೆಳತಿಯರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಕಿರಣ ಕೊಡಿಸಿಕೊಂಡ ಸುದ್ದಿ ಬೀದಿಗೆ ತಲುಪಿದಾಗ ದೊಡ್ಡ ಫಜೀತಿಯಾಯಿತು. ಕಿರಣ ಅಂದರೆ ಕ್ಯಾನ್ಸರೇ ಎಂದು ಬೀದಿ ತೀರ್ಮಾನಿಸಿತು. ಫ್ರೇಮಿನವನು ಬುಟ್ಟಿ ತುಂಬ ಹಣ್ಣು ತಂದು, ಗೆಳೆಯನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ವಿಷಯ ತಿಳಿದ ಮೇಲೆ ಕಣ್ಣೊರೆಸಿಕೊಂಡು, “ಥೂ ನಿನ್ನ! ಡೂಪ್ಲಿಕೇಟ್ ಕೀ ಮಾಡೋನಿಗೆ ಡೂಪ್ಲಿಕೇಟ್ ರೋಗ. ಹಣ್ಣು ವಾಪಸ್ ಕೊಡು,” ಎಂದ. ಅರ್ಧ ಬುಟ್ಟಿ ಅವನೇ ತಿಂದು ಹೋದ.

*

ದೊಡ್ಡಕ್ಕನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಎಳೆಯವನಿದ್ದಾಗ ಅವನ ಒಂದು ಕಾಲು ಸೊಟ್ಟಗಿತ್ತು. ದಿನವೂ ಎಣ್ಣೆ ಹಚ್ಚಿ, ನೀವಿ ನೀವಿ ನೆಟ್ಟಗೆ ಮಾಡಿದವರು ತಾವು ಎಂದು ಅವರು ನಂಬಿದ್ದರು. ಕಾಲನ್ನು ತಿದ್ದಿದವಳಿಗೆ ಎರಡು ಬೆರಳು ಯಾವ ಲೆಕ್ಕ?

ಒಂದು ದಿನ ಪರದೆಯಮ್ಮ ಪರದೆ ತಗುಲಿಸಲು ಯಾರದೋ ಮನೆಗೆ ಹೋಗಿದ್ದಳು. ದೊಡ್ಡಕ್ಕ ಎಣ್ಣೆ ಬಿಸಿ ಮಾಡಿಕೊಂಡು ಇಳಿದು ಬಂದರು. “ಕೈ ಕೊಡೋ ಇಲ್ಲಿ.”

“ಬೇಡಕ್ಕ, ಡಾಕ್ಟ್ರು ಎಳೀಬಾರದು ಅಂದಿದ್ದಾರೆ.”

“ಡಾಕ್ಟ್ರು ನಿನ್ನ ನೋಡಿದ್ದು ನಿನ್ನೆ ಮೊನ್ನೆ. ನಾನು ನೋಡ್ತಿರೋದು ನೀನು ಹುಟ್ಟಿದಾಗಿಂದ. ಕೊಡು ಅಂದ್ರೆ ಕೊಡಬೇಕು.”

ಸಾಕಿದ ಅಕ್ಕನಿಗೆ ಇಲ್ಲ ಎನ್ನುವುದು ಅವನಿಗೆ ಬಾರದು. ಕೊಟ್ಟ. ಅವರು ಪ್ರೀತಿಯಿಂದಲೇ ಎಳೆದರು, ಶಕ್ತಿಯೆಲ್ಲ ಹಾಕಿ ಎಳೆದರು. ಸಂಜೆಗೆ ಅಂಗೈ ಊದಿ ಬೋಂಡಾದಂತಾಯಿತು. ಆ ವಾರವೆಲ್ಲ ಬೀಗದಣ್ಣ ಹೆಂಡತಿಯೊಂದಿಗೆ ಎಡಗೈಯಲ್ಲಿ ಮಾತಾಡಬೇಕಾಯಿತು. ಅದೊಂದು ಮಾತೇ? ಮಗು ಅಂಬೆಗಾಲಿಟ್ಟಂತೆ ಒಂದೊಂದೇ ಶಬ್ದ. ಆಕೆ ಅವನ ಊದಿದ ಕೈ ಹಿಡಿದು ಅತ್ತಳು. ಇಷ್ಟು ದಿನ ಹೆಸರು ಮಾತ್ರವಾಗಿದ್ದ ರೋಗ ಆಗ ಮನೆಯೊಳಗೆ ಬಂದು ಕುಳಿತಂತಾಯಿತು. ಈ ಕೈ ಮುಚ್ಚಿಕೊಂಡರೆ ತನ್ನ ಲೋಕವೇ ಮುಚ್ಚಿಕೊಂಡಂತೆ ಎಂದು ಆಕೆಗೆ ಭಯ.

ಅತ್ತು ಮುಗಿಸಿ, ಮೇಲೆ ಹತ್ತಿ ಹೋಗಿ, ದೊಡ್ಡಕ್ಕನ ಎಣ್ಣೆ ಬಟ್ಟಲನ್ನು ಅವರ ಮುಂದೆಯೇ ನೆಲಕ್ಕೆ ಕುಕ್ಕಿ, ಕೆಳಗಿನ ಬಾಗಿಲ ಕಡೆ ಬೆರಳು ತೋರಿಸಿ, ಬೇಡವೆಂದು ಕೈ ಬೀಸಿದಳು. ನಮ್ಮ ಬಾಗಿಲೊಳಗೆ ಇನ್ನು ಕಾಲಿಡಬೇಡಿ ಎಂದು ಅದರ ಅರ್ಥ. ಅದನ್ನು ತಿಳಿಯಲು ಯಾರ ಅನುವಾದವೂ ಬೇಕಿರಲಿಲ್ಲ.

ಅಂದಿನಿಂದ ಇಬ್ಬರ ನಡುವೆ ನೇರ ವ್ಯವಹಾರ ನಿಂತುಹೋಯಿತು. ಮೊದಲೂ ಬಹಳವೇನೂ ಇರಲಿಲ್ಲ. ದೊಡ್ಡಕ್ಕ ತಮ್ಮನ ಹೆಂಡತಿಗಾಗಿ ಕೈಮಾತು ಕಲಿಯದೆ, ದನಿಯನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಏರಿಸುತ್ತ ಬಂದಿದ್ದರು. ತುಟಿ ನೋಡಿ ತಿಳಿದುಕೊಳ್ಳೋಣವೆಂದರೆ ಅವರ ಹಲ್ಲಿನ ಸೆಟ್ಟು ಒಂದು ಕಡೆ, ಮಾತು ಇನ್ನೊಂದು ಕಡೆ. ಈಗ ಅದೂ ಇಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ಪೇಪರು ಹರಡಿಕೊಂಡು ಕೂರುವರು, ಬೀಗದಣ್ಣ ಅಂಗಡಿಗೆ ಇಳಿದ ಮೇಲೆ ಎದ್ದು ಹೋಗುವರು. ದಾರಿ ಅಡ್ಡಗಟ್ಟಲೆಂದೇ ಅಲ್ಲಿ ಕೂರುತ್ತಾರೆ ಎಂದು ಪರದೆಯಮ್ಮನ ದೂರು.

ಕೈಯನ್ನು ಉಳಿಸಿಕೊಳ್ಳುವ ಕೆಲಸವನ್ನು ಆಕೆ ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡಳು. ಉಳಿದ ಪರದೆ ತುಂಡುಗಳೊಳಗೆ ಹತ್ತಿ ತುಂಬಿ ಅರಗಳಿಗೆ, ಸ್ಕ್ರೂಡ್ರೈವರುಗಳಿಗೆ, ಸುತ್ತಿಗೆಗೆ ದಪ್ಪ ಅಂಗಿ ಹೊಲಿದಳು. ಗುಲಾಬಿ ಹೂವಿನ ಸುತ್ತಿಗೆ, ನವಿಲಿನ ಇಕ್ಕಳ. ಗಿರಾಕಿಗಳು ನಕ್ಕರೆ ಬೀಗದಣ್ಣ, “ನಮ್ಮ ಸಾಮಾನಿಗೂ ಸೀಮಂತದ ಕಳೆ ಬಂದಿದೆ ನೋಡಿ,” ಎನ್ನುತ್ತಿದ್ದ. ತಿಂಗಳಿಗೊಮ್ಮೆ ಆಕೆ ಅವನ ಅಂಗೈಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒತ್ತಿಸಿ, ಕೆನ್ನೆಯನ್ನು ಮೇಜಿಗೆ ತಾಗಿಸಿ, ಬೆರಳ ಕೆಳಗೆ ಬೆಳಕು ತೂರುತ್ತಿದೆಯೇ ಎಂದು ನೋಡುತ್ತಿದ್ದಳು. ಕೂದಲೆಳೆಯಷ್ಟು ತೂರತೊಡಗಿದ್ದು ಎಷ್ಟೋ ವರ್ಷಗಳ ಮೇಲೆ. ಡಾಕ್ಟರು ನೋಡಿ, ಕೆಲಸಕ್ಕೆ ಅಡ್ಡಿಯಿಲ್ಲದಿದ್ದರೆ ಈಗಲೂ ಚಾಕು ಬೇಡ ಎಂದರು. ಕಿರಣದಿಂದಲೋ, ಸಿಗರೇಟು ಬಿಟ್ಟದ್ದರಿಂದಲೋ, ಹೂವಿನ ಹಿಡಿಗಳಿಂದಲೋ, ಅಥವಾ ಅವನ ರೋಗವೇ ಸೋಮಾರಿಯಾಗಿತ್ತೋ, ಅವರಿಗೂ ಹೇಳಲಾಗಲಿಲ್ಲ.

ಎರಡು ಬೆರಳು ಮಾತ್ರ ಕೊಂಚ ಬಾಗಿಯೇ ಉಳಿದವು. ಅವನ ಮಾತೂ ಹಾಗೆಯೇ ಬಾಗಿತು. ಪರದೆಯಮ್ಮನ ಗೆಳತಿಯರಲ್ಲಿ ಹೊಸದಾಗಿ ಬಂದವಳೊಬ್ಬಳು ಅವನ ಕೈಮಾತು ನೋಡಿ, “ಇವರು ಯಾವ ಕಡೆಯವರು? ಉಚ್ಚಾರ ಬೇರೆ ಥರ ಇದೆ,” ಎಂದು ಕೇಳಿದಳಂತೆ. ಬೀಗದಣ್ಣನಿಗೆ ಅದು ಬಿರುದು ಸಿಕ್ಕಂತಾಗಿತ್ತು. ರಾತ್ರಿ ದೀಪ ಆರಿಸುವ ಮುನ್ನ ಅವನು ಹೆಂಡತಿಗೆ ಹೇಳುತ್ತಿದ್ದ, “ಇವತ್ತಿನ ಮಾತೆಲ್ಲ ಇವತ್ತು ಆಡಿದ್ವಿ. ಈ ಕೈ ದೊಡ್ಡ ಮನಸ್ಸು ಮಾಡ್ತು.”

*

ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬಿತು. ಬಂದವರೆಲ್ಲ ಒಂದಲ್ಲ ಒಂದು ಬಾಗಿಲಿನ ಆಚೆ ಸಿಕ್ಕಿಕೊಂಡವರೇ. ಆಸ್ಪತ್ರೆಯ ನರ್ಸಮ್ಮ ಪರದೆಯಮ್ಮನ ಎರಡೂ ಕೈ ಹಿಡಿದುಕೊಂಡರು.

“ನನ್ನ ಮಗು ಒಳಗೆ ಚಿಲಕ ಹಾಕ್ಕೊಂಡಿತ್ತು. ಇವರು ಓಡಿ ಬಂದ್ರು. ಬಾಗಿಲು ತೆಗೆಯೋವರೆಗೂ ಬಾಯಲ್ಲಿ ನರಿ ಕತೆ ಹೇಳ್ತಾನೇ ಇದ್ರು, ಮಗು ಅಳೋದನ್ನೇ ಮರೀತು. ಬಾಗಿಲು ತೆಗೆದ್ರೆ, ಕತೆ ಮುಗೀಲಿ ಅಂತ ಅದು ಮತ್ತೆ ಹಾಕ್ಕೊಳ್ಳೋಕೆ ಹೋಯ್ತು!”

ಮಗಳು ಅದನ್ನು ಕೈಯಲ್ಲಿ ಹೇಳಿದಳು. ಪರದೆಯಮ್ಮ ಅಳುವಿನ ನಡುವೆ ನಕ್ಕು ಉತ್ತರಿಸಿದಳು. “ಆ ಕತೆ ನನಗೂ ಹೇಳಿದ್ರು. ನರಿ ಬಾಲಕ್ಕೆ ಬಾಗಿದ ಬೆರಳೇ ಚೆನ್ನಾಗಿ ಒಪ್ಪುತ್ತೆ ಅಂತಿದ್ರು. ಬಂದಿರಲ್ಲ, ಉಪಕಾರ ಆಯ್ತು.”

ಹೀಗೆ ಒಬ್ಬರಾದ ಮೇಲೆ ಒಬ್ಬರು. ಎಲ್ಲರ ಮಾತನ್ನೂ ಮಗಳು ಆ ಕಡೆಯಿಂದ ಈ ಕಡೆ ದಾಟಿಸಿದಳು. ತೋಳು ನೋಯತೊಡಗಿತು. ಅಪ್ಪ ದಿನವೂ, ವರ್ಷಗಟ್ಟಲೆ, ನಗುನಗುತ್ತ ಮಾಡುತ್ತಿದ್ದದ್ದು ಇದನ್ನೇ ಎಂದು ಅವಳಿಗೆ ಹೊಳೆಯಿತು. ಎಷ್ಟೊಂದು ಆಡಿ ಹೋದ ಮನುಷ್ಯ, ಎಂಥ ಅದೃಷ್ಟ ನಮ್ಮದು ಎಂದೂ ಅನ್ನಿಸಿತು.

ಕಿಟಕಿಯ ಬಳಿಯ ದೊಡ್ಡಕ್ಕನ ಕಣ್ಣು ಮಗಳ ಕೈಗಳ ಮೇಲೆಯೇ ಇತ್ತು. ಬೀಗದಣ್ಣನನ್ನು ಒಯ್ಯುವ ವ್ಯಾನು ಬಂದು ನಿಂತಾಗ ಮಗಳನ್ನು ಹತ್ತಿರ ಕರೆದರು.

“ಅವಳನ್ನ ಕರ್ಕೊಂಡು ಹೋಗ್ತೀಯಂತೆ?”

“ಬರಲ್ಲ ಅಂತಿದ್ದಾಳೆ ಅತ್ತೆ.”

“ಬಲವಂತ ಮಾಡಿ ಕರ್ಕೊಂಡು ಹೋಗು. ಇಲ್ಲಿ ಯಾರಿದ್ದಾರೆ ಅವಳಿಗೆ?”

ಮಗಳಿಗೆ ರೇಗಿಹೋಯಿತು. “ನೀವಿದ್ದೀರಲ್ಲ ಅತ್ತೆ! ಒಂದೇ ಮೆಟ್ಟಿಲು ದೂರ. ಇಷ್ಟು ವರ್ಷದಲ್ಲಿ ಒಂದು ಮಾತು, ಒಂದೇ ಒಂದು ಮಾತು ಕಲಿತಿದ್ರೆ ನಾನು ನೆಮ್ಮದಿಯಾಗಿ ಹೋಗ್ತಿದ್ದೆ.”

ದೊಡ್ಡಕ್ಕ ಸೆರಗು ಸರಿಮಾಡಿಕೊಂಡು ಎದ್ದರು. ಬೇರೆ ದಿನವಾಗಿದ್ದರೆ ಏಳು ಜನ್ಮಕ್ಕಾಗುವಷ್ಟು ಅಂದುಬಿಡುತ್ತಿದ್ದರು. ಫ್ರೇಮಿನವನು ಬಂದು ತೋಳು ಹಿಡಿದು, “ಇಳೀರಿ ದೊಡ್ಡಕ್ಕ, ಮೆಲ್ಲಗೆ,” ಎಂದು ಕೆಳಗೆ ಕರೆದೊಯ್ದ.

ಮಣ್ಣು ಮಾಡಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಂದವರು ಚದುರಿದರು. ಎರವಲು ತಂದ ಕುರ್ಚಿಗಳನ್ನು ಫ್ರೇಮಿನವನು ಹೊತ್ತುಕೊಂಡು ಹೋದ. ಪರದೆಯಮ್ಮ ತನ್ನ ಮೇಜಿನ ಮುಂದೆ ಬೆನ್ನು ತಿರುಗಿಸಿ ಕುಳಿತಳು. ಮುಂದೆ ಯಾರದೋ ಅರ್ಧ ಹೊಲಿದ ಪರದೆ. ಮಗಳು ಕಾಫಿ ತಂದಿಟ್ಟು, ಪಕ್ಕದಲ್ಲಿ ಕುಳಿತಳು.

ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ. ದೊಡ್ಡಕ್ಕ ಮೇಲೆ ಹೋಗುತ್ತಿದ್ದರು. ಬಾಗಿಲ ಬಳಿ ಹೆಜ್ಜೆ ನಿಂತಿತು. ಅವರು ಕೆಮ್ಮಿದರು. ಕೆಮ್ಮಿ ಪ್ರಯೋಜನವಿಲ್ಲವೆಂದು ನೆನಪಾಗಿರಬೇಕು, ಹೊಸ್ತಿಲ ಆಚೆಯೇ ನಿಂತು, ಕೈ ಮಾತ್ರ ಒಳಗೆ ಚಾಚಿ ದೀಪದ ಸ್ವಿಚ್ಚನ್ನು ಹಾಕಿ, ಆರಿಸಿ, ಮತ್ತೆ ಹಾಕಿದರು. ಬೆಳಕು ಮಿನುಗಿದ್ದಕ್ಕೆ ಪರದೆಯಮ್ಮ ಥಟ್ಟನೆ ತಿರುಗಿದಳು. ಆಕೆಯನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ.

ದೊಡ್ಡಕ್ಕ ಬಲ ಅಂಗೈಯನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಅದನ್ನು ಎತ್ತಿ ಸೂರಿನ ಕಡೆ ತಳ್ಳಿದರು. ಅಳುಕುತ್ತ ಮತ್ತೊಮ್ಮೆ ಅದನ್ನೇ ಮಾಡಿದರು.

ಮಗಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಪ್ಪ ಅಂಗಡಿಗೆ ಇಳಿಯುವಾಗ ದಿನವೂ ಬಾಗಿಲಲ್ಲಿ ನಿಂತು ಅಂಗೈಯನ್ನು ಎದೆಗೊತ್ತಿ ಕೆಳಕ್ಕೆ ತೋರುತ್ತಿದ್ದ: ನಾನು ಕೆಳಗಿದ್ದೀನಿ. ಅತ್ತೆ ಅದನ್ನು ಮೇಲಕ್ಕೆ ತಿರುಗಿಸಿದ್ದರು. ನಾನು ಮೇಲಿದ್ದೀನಿ.

ಅವರ ಕೈಗೆ ಯಾವ ರೋಗವೂ ಇರಲಿಲ್ಲ. ಆದರೂ ಉಂಗುರದ ಬೆರಳನ್ನೂ ಕಿರುಬೆರಳನ್ನೂ ಅವರು ಬೇಕೆಂದೇ ಒಳಗೆ ಬಾಗಿಸಿ ಹಿಡಿದಿದ್ದರು. ಮೆಟ್ಟಿಲ ಮೇಲಿಂದ ಅವರು ಕಲಿತದ್ದು ಒಬ್ಬನನ್ನೇ ನೋಡಿ. ಆ ಮಾತನ್ನು ಹೇಳುವ ಕ್ರಮವೇ ಹಾಗೆ ಎಂದುಕೊಂಡಿದ್ದರು.

“ಅತ್ತೆ, ಹಾಗಲ್ಲ, ಆ ಬೆರಳು ನೆಟ್ಟಗೆ…” ಎಂದು ಮಗಳು ಏಳಹೋದಳು. ಪರದೆಯಮ್ಮ ಅವಳ ಕಡೆ ನೋಡದೆಯೇ ಮಣಿಕಟ್ಟನ್ನು ಹಿಡಿದು ಕೂರಿಸಿದಳು.

ಆಕೆ ಆ ಬಾಗಿದ ಬೆರಳುಗಳನ್ನು ನೋಡಿದಳು. ಎದ್ದು ಬಾಗಿಲ ತನಕ ಹೋದಳು. ಆಮೇಲೆ ತನ್ನ ಸೂಜಿಯಂತೆ ನೆಟ್ಟಗಿದ್ದ ಬೆರಳುಗಳಲ್ಲಿ ಎರಡನ್ನು ಒಳಗೆ ಬಾಗಿಸಿ, ಅಂಗೈಯನ್ನು ಎದೆಗೊತ್ತಿ, ನಿಧಾನವಾಗಿ ಕೆಳಕ್ಕೆ ತೋರಿದಳು.